ಚೀಲದ ಕಾಫಿ ಸಸಿಗೆ ದೊಡ್ಡ ಚೀಲ ಯಾವಾಗ? ಕೊಡಗಿನ ಮಳೆಯ ಲೆಕ್ಕದಲ್ಲಿ ಒಂದು ಮಾರ್ಗದರ್ಶಿ

ರೊಬಸ್ಟಾ ಕಾಫಿಯ ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂ ಮಳೆಯೂ ಆಗಿ, ಆಳುಗಳಿಗೆ ಸ್ವಲ್ಪ ಬಿಡುವು ಸಿಗುವ ಏಪ್ರಿಲ್ ತಿಂಗಳಿನಲ್ಲಿ ಮನೆಯ ಹಿಂದಿನ ನರ್ಸರಿಯ ಮುಂದೆ ನಿಂತಾಗ ಪ್ರತಿ ವರ್ಷವೂ ಅದೇ ಪ್ರಶ್ನೆ ಎದುರಾಗುತ್ತದೆ. ಹೋದ ವರ್ಷ ನೆಡದೆ ಉಳಿದ ಸಸಿಗಳನ್ನು ಇರುವ ಚೀಲದಲ್ಲೇ ಇನ್ನೊಂದು ಮಳೆಗಾಲ ಕಳೆಯಲು ಬಿಡಬೇಕೆ, ದೊಡ್ಡ ಚೀಲಕ್ಕೆ ಬದಲಿಸಬೇಕೆ, ಬದಲಿಸುವುದಾದರೆ ಮಳೆ ಹಿಡಿಯುವ ಮೊದಲೋ, ಬಿಟ್ಟ ಮೇಲೋ? ಸುಂಟಿಕೊಪ್ಪದ ಕಡೆಯ ಒಂದು ಸಣ್ಣ ತೋಟದಲ್ಲಿ ಹಲವು ವರ್ಷ ಈ ಕೆಲಸ ಮಾಡಿ, ಕೆಲವು ಸಲ ಸಸಿಗಳನ್ನು ಕಳೆದುಕೊಂಡೂ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಬಯಲಿನಲ್ಲಿ, ಚಪ್ಪರದ ಕೆಳಗೆ ಚೀಲದಲ್ಲೋ ಕುಂಡದಲ್ಲೋ ಬೆಳೆಯುವ ಕಾಫಿ ಸಸಿಯೇ ಇದರ ಮುಖ್ಯ ವಿಷಯ. ಅಂಗಳದ ಪೊದೆ ಮೆಣಸು (ಕುಂಡದಲ್ಲಿ ಪೊದೆಯಂತೆ ಬೆಳೆಸುವ ಕಾಳುಮೆಣಸು) ಮತ್ತು ಕೊಡಗಿನ ಕಿತ್ತಳೆ ಸಸಿಯ ಬಗ್ಗೆಯೂ ಕೊನೆಯಲ್ಲಿ ಅಗತ್ಯವಿರುವಷ್ಟನ್ನು ಹೇಳಿದ್ದೇನೆ.

ಎಲ್ಲ ಸಸಿಗಳಿಗೂ ದೊಡ್ಡ ಚೀಲ ಬೇಕಿಲ್ಲ. ಡಿಸೆಂಬರ್ ಅಥವಾ ಜನವರಿಯಲ್ಲಿ ಬೀಜ ಹಾಕಿ, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಚೀಲಕ್ಕೆ ಏರಿಸಿ, ಅದೇ ವರ್ಷ ದೊಡ್ಡ ಮಳೆ ಇಳಿದ ಕೂಡಲೇ ತೋಟಕ್ಕೆ ಹೋಗುವ ಸಸಿಗೆ ಸಾಮಾನ್ಯವಾಗಿ ಬಳಸುವ 9 ಇಂಚು ಎತ್ತರ, 6 ಇಂಚು ಅಗಲದ ಚೀಲವೇ ಸಾಕು. ದೊಡ್ಡ ಚೀಲದ ಅಗತ್ಯ ಬೀಳುವುದು ಎರಡು ಸಂದರ್ಭಗಳಲ್ಲಿ. ಗುಂಡಿ ತೆಗೆಯುವುದು ತಡವಾಗಿಯೋ ಆಳು ಸಿಗದೆಯೋ ನೆಡುವ ಕೆಲಸ ಮುಂದೆ ಹೋಗಿ, ಸಸಿಗಳು ಎರಡನೆಯ ಬೇಸಿಗೆಗೆ ಕಾಲಿಟ್ಟಾಗ ಒಂದು. ಹಳೆಯ ತೋಟದಲ್ಲಿ ಸತ್ತ ಗಿಡದ ಜಾಗಕ್ಕೆ ಹೊಸ ಗಿಡ ನೆಡಬೇಕಾದಾಗ ಇನ್ನೊಂದು. ಸುತ್ತಲೂ ಮೂವತ್ತು ನಲವತ್ತು ವರ್ಷದ ರೊಬಸ್ಟಾ ಗಿಡಗಳು ರೆಕ್ಕೆ ಚಾಚಿ, ಮಣ್ಣಿನೊಳಗೆಲ್ಲ ಬೇರು ಹರಡಿ ನಿಂತಿರುವ ಕಡೆ ಗೇಣುದ್ದದ ಸಸಿಯನ್ನು ನೆಟ್ಟರೆ ಅದು ಬದುಕುವುದು ಅಪರೂಪ. ಮೊಣಕಾಲೆತ್ತರಕ್ಕೆ ಬೆಳೆದು, ದೊಡ್ಡ ಮಣ್ಣಿನ ಮುದ್ದೆಯೊಂದಿಗೆ ಹೋದ ಗಿಡ ಮಾತ್ರ ಆ ಪೈಪೋಟಿಯನ್ನು ತಡೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಬರುವ ಮೊದಲು ಹಿರಿಯರು ಇಂಥ ಗಿಡಗಳನ್ನು ಬಿದಿರಿನ ಬುಟ್ಟಿಗಳಲ್ಲಿ ಬೆಳೆಸುತ್ತಿದ್ದರು. ಬುಟ್ಟಿ ಹೋದರೂ ‘ಬುಟ್ಟಿ ಗಿಡ’ ಎಂಬ ಮಾತು ಹಳಬರ ಬಾಯಲ್ಲಿ ಇನ್ನೂ ಉಳಿದಿದೆ.

ಮೊದಲ ಬದಲಾವಣೆ: ಮಡಿಯಿಂದ ಚೀಲಕ್ಕೆ

ಎರಡನೆಯ ಚೀಲದಲ್ಲಿ ಕಾಣಿಸುವ ಅರ್ಧಕ್ಕರ್ಧ ತೊಂದರೆಗಳ ಮೂಲ ಮೊದಲ ಚೀಲದಲ್ಲೇ ಇರುವುದರಿಂದ ಅಲ್ಲಿಂದಲೇ ಆರಂಭಿಸೋಣ. ಮಡಿಯಲ್ಲಿ ಹಾಕಿದ ಕಾಫಿ ಬೀಜ ಮೊಳೆತು ಮೇಲೆ ಬರಲು ಸುಮಾರು 45 ದಿನ ಬೇಕು. ದಂಟಿನ ತುದಿಯಲ್ಲಿ ಬೀಜವನ್ನೇ ಟೊಪ್ಪಿಯ ಹಾಗೆ ಹೊತ್ತು ನಿಂತಿರುವ ಆ ಹಂತದಲ್ಲಿ, ಹೆಚ್ಚೆಂದರೆ ಮೊದಲ ಜೋಡಿ ದುಂಡೆಲೆ ಬಿಚ್ಚುವುದರೊಳಗೆ, ಸಸಿಯನ್ನು ಚೀಲಕ್ಕೆ ಏರಿಸಬೇಕು. ಈ ಹೊತ್ತಿಗೆ ತಾಯಿಬೇರು ಮಾತ್ರ ಇಳಿದಿರುತ್ತದೆ, ಪಕ್ಕದ ಬೇರುಗಳು ಇನ್ನೂ ಹರಡಿರುವುದಿಲ್ಲವಾದ್ದರಿಂದ ಕಿತ್ತರೂ ಸಸಿಗೆ ಹೆಚ್ಚು ಪೆಟ್ಟಾಗುವುದಿಲ್ಲ. ಎರಡು ಜೋಡಿ ನಿಜವಾದ ಎಲೆ ಬರುವ ತನಕ ಕಾದರೆ ಕೀಳುವಾಗ ಅರ್ಧ ಬೇರು ಮಡಿಯಲ್ಲೇ ಉಳಿಯುತ್ತದೆ.

ಸಸಿ ಇಡುವಾಗ ಒಂದು ಸಣ್ಣ ವಿಷಯಕ್ಕೆ ಗಮನ ಕೊಡಬೇಕು. ಹೆಬ್ಬೆರಳು ದಪ್ಪದ ಮೊನಚು ಕೋಲಿನಿಂದ ಚೀಲದ ಮಣ್ಣಿನಲ್ಲಿ ತೂತು ಮಾಡಿ ಸಸಿಯನ್ನು ಇಳಿಬಿಡುತ್ತೇವೆ. ತೂತು ಬೇರಿಗಿಂತ ಗಿಡ್ಡವಾಗಿದ್ದರೆ ಬೇರಿನ ತುದಿ ಮೇಲ್ಮುಖವಾಗಿ ಮಡಚಿಕೊಂಡು ಕೊಕ್ಕೆಯಂತಾಗುತ್ತದೆ. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಅಂಥ ಸಸಿ ಎರಡು ವರ್ಷ ಚೆನ್ನಾಗಿಯೇ ಬೆಳೆದು, ತೋಟಕ್ಕೆ ಹೋಗಿ, ಮೊದಲ ಫಸಲು ಹೊರುವ ಹೊತ್ತಿನಲ್ಲಿ ಕಾರಣವಿಲ್ಲದೆ ಸೊರಗುತ್ತದೆ. ಆದ್ದರಿಂದ ತೂತನ್ನು ಬೇರಿಗಿಂತ ಎರಡು ಬೆರಳು ಆಳವಾಗಿ ಮಾಡಿ, ಸಸಿಯನ್ನು ಸ್ವಲ್ಪ ಹೆಚ್ಚೇ ಇಳಿಸಿ, ಮತ್ತೆ ಮೆಲ್ಲಗೆ ಮೇಲೆಳೆದು ಬೇರನ್ನು ನೆಟ್ಟಗೆ ಮಾಡಿ, ಆಮೇಲೆ ಪಕ್ಕದಿಂದ ಮಣ್ಣು ಒತ್ತಬೇಕು. ತಾಯಿಬೇರು ಮಡಿಯಲ್ಲೇ ಡೊಂಕಾಗಿದ್ದರೆ ಡೊಂಕಾದ ತುದಿಯನ್ನು ಉಗುರಿನಿಂದ ಚಿವುಟಿ ತೆಗೆಯುವುದು ರೂಢಿ. ಎರಡು ಕವಲಾಗಿ ಒಡೆದಿದ್ದರೆ ಅಂಥ ಸಸಿಯನ್ನು ಎಸೆದುಬಿಡುವುದೇ ಲಾಭ.

ಚೀಲ ತುಂಬಿದೆ ಎಂದು ತಿಳಿಯುವುದು ಹೇಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಸಸಿ ಎಷ್ಟು ಎತ್ತರವಾಗಿದೆ, ಎಷ್ಟು ಜೋಡಿ ಎಲೆ ಬಂದಿವೆ ಎಂದು ಎಣಿಸಿ ಚೀಲ ಬದಲಿಸುವವರು ಹೆಚ್ಚು. ಆ ಲೆಕ್ಕವನ್ನು ನಾನು ಪೂರ್ತಿ ನಂಬುವುದಿಲ್ಲ. ನೆರಳು ಹೆಚ್ಚಾದ ಕಡೆ ಸಸಿ ಬೆಳಕಿಗಾಗಿ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಬೇರು ಮಾತ್ರ ಅರ್ಧ ಚೀಲವನ್ನೂ ತುಂಬಿರುವುದಿಲ್ಲ; ಬೆಳಕು ಸರಿಯಾಗಿ ಬೀಳುವ ಸಾಲಿನಲ್ಲಿ ಗಿಡ್ಡಗೆ ದಪ್ಪಗೆ ನಿಂತಿರುವ ಸಸಿಯ ಬೇರು ಆಗಲೇ ತಳ ಮುಟ್ಟಿ ಸುತ್ತಲು ಆರಂಭಿಸಿರುತ್ತದೆ. ನೋಡಬೇಕಾದದ್ದು ಬೇರನ್ನು.

ಮೊದಲ ಗುರುತು ನೀರಿನದು. ನಮ್ಮಲ್ಲಿ ನರ್ಸರಿ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸೊಬ್ಬರು ಒಂದು ಮಾರ್ಚ್‌ನಲ್ಲಿ ನೀರು ಚಿಮುಕಿಸುವ ಝಾರಿಯನ್ನು ಕೆಳಗಿಟ್ಟು, “ಅಣ್ಣಾ, ಈ ಸಾಲಿಗೆ ನೀರು ಹಾಕಿ ಪ್ರಯೋಜನ ಇಲ್ಲ, ಎಲ್ಲ ಬದಿಯಲ್ಲೇ ಇಳಿದು ಹೋಗ್ತದೆ” ಎಂದರು. ಚೀಲವೊಂದನ್ನು ಎತ್ತಿ ನೋಡಿದರೆ, ಆಗಷ್ಟೇ ನೀರು ಕುಡಿದ ಚೀಲ ಕೈಗೆ ಹಗುರಾಗಿ ಬಂತು. ಬೇರು ಮಣ್ಣನ್ನೆಲ್ಲ ಬಿಗಿಯಾಗಿ ಹೆಣೆದುಕೊಂಡಾಗ ಮುದ್ದೆ ಚೀಲದ ಗೋಡೆಯಿಂದ ಸ್ವಲ್ಪ ಸರಿದು ನಿಲ್ಲುತ್ತದೆ, ಹಾಕಿದ ನೀರು ಆ ಸಂದಿನಲ್ಲೇ ಹರಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ. ಬೆಳಿಗ್ಗೆ ನೀರು ಹಾಕಿದರೂ ಮಧ್ಯಾಹ್ನ ಎರಡು ಗಂಟೆಗೆ ಎಳೆಯ ಎಲೆ ಜೋಲುತ್ತಿದ್ದರೆ, ಸಂಜೆ ಮತ್ತೆ ಎದ್ದು ನಿಲ್ಲುತ್ತಿದ್ದರೆ, ಕಾರಣ ಬಹುಮಟ್ಟಿಗೆ ಇದೇ.

ಎರಡನೆಯ ಗುರುತು ತಳದ್ದು. ಚೀಲ ಎತ್ತುವಾಗ ನೆಲಕ್ಕೆ ಅಂಟಿಕೊಂಡು ‘ಪಟ್’ ಎಂದು ಕಿತ್ತು ಬಂದರೆ ತಾಯಿಬೇರು ತೂತಿನಿಂದ ಹೊರಬಂದು ನೆಲಕ್ಕೆ ಇಳಿದಿದೆ ಎಂದು ಅರ್ಥ. ಇದು ಮೊದಲ ಎಚ್ಚರಿಕೆಯಲ್ಲ, ಕೊನೆಯದು. ನೆಲಕ್ಕೆ ಬೇರು ಬಿಟ್ಟ ಸಸಿ ಸಾಲಿನಲ್ಲೇ ಎಲ್ಲಕ್ಕಿಂತ ಹಸಿರಾಗಿ ಕಾಣುವುದರಿಂದ ಅದನ್ನೇ ಒಳ್ಳೆಯ ಸಸಿ ಎಂದು ಆರಿಸುವವರಿದ್ದಾರೆ. ಎತ್ತಿದ ಮೂರನೆಯ ದಿನ ಅದೇ ಮೊದಲು ಬಾಡುತ್ತದೆ. ಇದನ್ನು ತಪ್ಪಿಸಲು ತಿಂಗಳಿಗೊಮ್ಮೆ ಚೀಲಗಳನ್ನು ಎತ್ತಿ ಸ್ವಲ್ಪ ಸರಿಸಿಡುವ ಅಭ್ಯಾಸ ಒಳ್ಳೆಯದು.

ಮೂರನೆಯದು ನೇರ ಪರೀಕ್ಷೆ. ಪ್ರತಿ ನೂರು ಚೀಲಕ್ಕೆ ಎರಡು ಮೂರನ್ನು, ಸಾಲಿನ ಬೇರೆ ಬೇರೆ ಭಾಗಗಳಿಂದ, ಆರಿಸಿಕೊಳ್ಳಿ. ಹಿಂದಿನ ಸಂಜೆ ನೀರು ಹಾಕಿ, ಬೆಳಿಗ್ಗೆ ಚೀಲವನ್ನು ಬ್ಲೇಡಿನಿಂದ ಮೇಲಿನಿಂದ ಕೆಳಗೆ ಸೀಳಿ ಬಿಡಿಸಿ. ಮಣ್ಣು ಪುಡಿಪುಡಿಯಾಗಿ ಉದುರಿ ಬೇರು ಬೆತ್ತಲಾದರೆ ಇನ್ನೂ ಕಾಲ ಬಂದಿಲ್ಲ, ಆ ಸಾಲನ್ನು ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಮುದ್ದೆ ಒಡೆಯದೆ ಹಾಗೆಯೇ ನಿಂತು, ಹೊರಮೈಯಲ್ಲಿ ಬಿಳಿಯ ಎಳೆಬೇರುಗಳು ಜಾಲದಂತೆ ಕಾಣಿಸಿ, ಆದರೂ ನಡುನಡುವೆ ಮಣ್ಣಿನ ಬಣ್ಣ ಕಾಣುತ್ತಿದ್ದರೆ ಅದೇ ತಕ್ಕ ಕಾಲ. ಬೇರು ಕಂದು ಬಣ್ಣಕ್ಕೆ ತಿರುಗಿ, ತಳದಲ್ಲಿ ಸಿಂಬಿಯಂತೆ ಎರಡು ಮೂರು ಸುತ್ತು ಸುತ್ತಿಕೊಂಡಿದ್ದರೆ ತಡವಾಗಿದೆ. ಅದನ್ನು ಸರಿಪಡಿಸುವ ಬಗೆಯನ್ನು ಮುಂದೆ ಹೇಳುತ್ತೇನೆ. ಬೇರು ಕಪ್ಪಾಗಿ, ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕಳಚಿ ಬಂದು, ಕೊಳೆತ ವಾಸನೆ ಹೊಡೆದರೆ ಅದು ಚೀಲ ಸಾಲದೆ ಬಂದ ತೊಂದರೆಯಲ್ಲ, ನೀರು ಹೆಚ್ಚಾಗಿ ಬಂದದ್ದು. ಅಂಥ ಸಸಿಗೆ ದೊಡ್ಡ ಚೀಲ ಕೊಟ್ಟರೆ ಸಾವು ಇನ್ನೂ ಬೇಗ ಬರುತ್ತದೆ.

ಕೆಳಗಿನ ಎಲೆಗಳು ಹಳದಿಯಾಗುವುದನ್ನು ಎಲ್ಲರೂ ಗುರುತೆಂದು ಹೇಳುತ್ತಾರೆ. ಗೊಬ್ಬರದ ಕೊರತೆ, ನೀರಿನ ಹೆಚ್ಚಳ, ಬೇರಿನ ಹುಳು, ಈ ಮೂರರಲ್ಲಿ ಯಾವುದಿದ್ದರೂ ಎಲೆ ಹಳದಿಯಾಗುವುದರಿಂದ ಅದೊಂದನ್ನೇ ನೋಡಿ ತೀರ್ಮಾನ ಮಾಡುವುದು ಬೇಡ.

ಮಳೆಯ ಲೆಕ್ಕ

ಬೇರು ಸಿದ್ಧವಾಗಿದೆ ಎಂದಾಕ್ಷಣ ಚೀಲ ಬದಲಿಸುವಂತಿಲ್ಲ. ಬೇರೆ ಊರಿನಲ್ಲಿ ಹಾಗೆ ಮಾಡಬಹುದೇನೋ, ಕೊಡಗಿನಲ್ಲಿ ಆಗದು. ಹೊಸ ಚೀಲಕ್ಕೆ ಹೋದ ಸಸಿಯ ಸುತ್ತ ಬೇರಿಲ್ಲದ ಬರಿ ಮಣ್ಣು ಇರುತ್ತದೆ. ಬೇರು ಇರುವ ಮಣ್ಣಿನ ನೀರನ್ನು ಗಿಡ ಎಳೆದುಕೊಳ್ಳುತ್ತದೆ, ಬೇರಿಲ್ಲದ ಮಣ್ಣಿನ ನೀರು ಹಾಗೆಯೇ ನಿಲ್ಲುತ್ತದೆ. ಬಿಸಿಲಿದ್ದಾಗ ಆ ನೀರು ಆರಿ ಹೋಗುತ್ತದೆ. ಆರಿದ್ರಾ ಮಳೆಯಿಂದ ಹಿಡಿದು ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ, ವಾರಗಟ್ಟಲೆ ಸೂರ್ಯನ ಮುಖ ಕಾಣದ ದಿನಗಳಲ್ಲಿ ಅದು ಆರುವುದೇ ಇಲ್ಲ. ಮಣ್ಣಿನೊಳಗಿನ ಗಾಳಿಯ ಜಾಗವನ್ನೆಲ್ಲ ನೀರು ಹಿಡಿದುಕೊಂಡು, ಚಾಚಬೇಕಾದ ಎಳೆಬೇರು ಉಸಿರಿಲ್ಲದೆ ಸಾಯುತ್ತದೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಾವು ಮದ್ದು ಸೊಪ್ಪಿನ ಪಾಯಸ ಮಾಡಬೇಕೇ ಹೊರತು ನರ್ಸರಿಯ ಚೀಲ ಮುಟ್ಟಬಾರದು.

ಒಮ್ಮೆ ನಾನು ಮುಟ್ಟಿದ್ದೆ. ಮೇ ತಿಂಗಳಲ್ಲಿ ಆಗಬೇಕಾದ ಕೆಲಸ ಆಳಿಲ್ಲದೆ ಜೂನ್ ಕೊನೆಗೆ ಹೋಯಿತು; ಹೇಗೂ ನೀರು ಹಾಕುವ ಕೆಲಸವಿಲ್ಲ, ಮಳೆಯೇ ನೋಡಿಕೊಳ್ಳುತ್ತದೆ ಎಂದುಕೊಂಡು ಸುಮಾರು ಇನ್ನೂರು ಸಸಿಗಳನ್ನು ಒಂದೇ ಸಲಕ್ಕೆ ಬಕೆಟ್ ಗಾತ್ರದ ಚೀಲಗಳಿಗೆ ಹಾಕಿಸಿದೆ. ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ ಎಳೆಯ ಎಲೆಗಳು ಮಂಕಾದವು, ಆಮೇಲೆ ಒಂದೊಂದಾಗಿ ಸಸಿಗಳು ನಿಂತಲ್ಲೇ ಎಲೆ ಉದುರಿಸಿದವು. ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಲೆಕ್ಕ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಹೋಗಿದ್ದವು. ಸೀಳಿ ನೋಡಿದಾಗ ಹಳೆಯ ಮುದ್ದೆ ಹಾಕಿದ ದಿನ ಹೇಗಿತ್ತೋ ಹಾಗೆಯೇ ಇತ್ತು. ಹೊಸ ಮಣ್ಣಿಗೆ ಒಂದು ಬೇರೂ ಬಂದಿರಲಿಲ್ಲ.

ಆದ್ದರಿಂದ ಇರುವುದು ಎರಡೇ ಅವಕಾಶ. ಮೊದಲನೆಯದು ಹೂ ಮಳೆ, ಅದರ ಬೆನ್ನಿಗೆ ಬರುವ ಮಳೆ ಎರಡೂ ಆದ ಮೇಲೆ, ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ. ಈ ದಿನಗಳಲ್ಲಿ ಮಣ್ಣು ಬೆಚ್ಚಗಿರುತ್ತದೆ, ಆಗಾಗ ಸಂಜೆ ಗುಡುಗಿನ ಮಳೆ ಬಂದು ಗಾಳಿಯಲ್ಲಿ ತೇವವಿರುತ್ತದೆ, ಬೇರು ಬೇಗ ಚಾಚುತ್ತದೆ. ಮೃಗಶಿರ ಮಳೆ ಹಿಡಿಯುವ ಜೂನ್ ಎರಡನೆಯ ವಾರಕ್ಕೆ ಮೊದಲು ಹೊಸ ಮಣ್ಣಿನಲ್ಲಿ ಬೇರು ಓಡಾಡಿರಬೇಕು. ಅದಕ್ಕೆ ನಾಲ್ಕು ವಾರ ಬೇಕು. ಮೇ 15 ದಾಟಿದರೆ ನಾನು ಆ ವರ್ಷದ ಮೊದಲ ಅವಕಾಶ ಮುಗಿಯಿತೆಂದೇ ಭಾವಿಸುತ್ತೇನೆ. ಎರಡನೆಯದು ದೊಡ್ಡ ಮಳೆ ಬಿಟ್ಟ ಮೇಲೆ, ಉತ್ತರೆಯ ಮಳೆಯ ಹೊತ್ತಿನಿಂದ ಕಾವೇರಿ ಸಂಕ್ರಮಣದವರೆಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ. ಬಿಸಿಲು ಮಳೆ ಎರಡೂ ಹದವಾಗಿರುವ ಕಾಲ ಇದು. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದು ಚಳಿ ಇಳಿದ ಮೇಲೆ ಬೇರಿನ ಬೆಳವಣಿಗೆ ನಿಧಾನವಾಗುವುದರಿಂದ ಆ ಹೊತ್ತಿಗೆ ಈ ಕೆಲಸ ಬೇಡ. ಅರೇಬಿಕಾ ಕೊಯ್ಲು ಆರಂಭವಾಗಿ ಆಳೂ ಸಿಗುವುದಿಲ್ಲ.

ಕೊಡಗೆಂದರೆ ಎಲ್ಲ ಕಡೆ ಒಂದೇ ಮಳೆಯಲ್ಲ ಎಂಬುದನ್ನು ಇಲ್ಲಿ ಸೇರಿಸಿಕೊಳ್ಳಬೇಕು. ಭಾಗಮಂಡಲ, ಮಡಿಕೇರಿ, ಮಾದಾಪುರದ ಮೇಲ್ಭಾಗದ ಕಡೆಯವರು ಮೊದಲ ಅವಕಾಶವನ್ನು ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳುವುದು ಕ್ಷೇಮ, ಸಾಧ್ಯವಾಗದಿದ್ದರೆ ಸೆಪ್ಟೆಂಬರ್‌ಗೇ ಬಿಡಬೇಕು. ಕುಶಾಲನಗರದ ಕಡೆಗೆ ಇಳಿದಂತೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಅಲ್ಲಿ ಏಪ್ರಿಲ್ ಬಿಸಿಲೇ ಶತ್ರು, ಮೇ ಕೊನೆಯವರೆಗೂ ಕಾಯಬಹುದು. ಸಿದ್ದಾಪುರ, ಗೋಣಿಕೊಪ್ಪ, ಸುಂಟಿಕೊಪ್ಪದವರು ಇವೆರಡರ ನಡುವೆ.

ಎಷ್ಟು ದೊಡ್ಡ ಚೀಲ, ಯಾವ ಮಣ್ಣು

ಒಂದೇ ಸಲಕ್ಕೆ ದೊಡ್ಡ ಚೀಲ ಕೊಟ್ಟುಬಿಟ್ಟರೆ ಮತ್ತೆ ಮುಟ್ಟುವ ಕೆಲಸವಿಲ್ಲ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಹಳೆಯ ಮುದ್ದೆಯ ಸುತ್ತ ಒಂದರಿಂದ ಒಂದೂವರೆ ಇಂಚು, ತಳದಲ್ಲಿ ಮೂರು ಇಂಚು ಹೊಸ ಮಣ್ಣು ಹಿಡಿಯುವ ಚೀಲವೇ ಸರಿಯಾದ ಅಳತೆ. 9ಕ್ಕೆ 6ರ ಚೀಲದಿಂದ ಬರುವ ಸಸಿಗೆ 12 ಅಥವಾ 13 ಇಂಚು ಎತ್ತರ, 9 ಇಂಚು ಅಗಲದ ಚೀಲ ಒಪ್ಪುತ್ತದೆ. ಕಾಫಿಗೆ ತಾಯಿಬೇರು ನೇರವಾಗಿ ಇಳಿಯುವ ಸ್ವಭಾವವಿರುವುದರಿಂದ ಅಗಲಕ್ಕಿಂತ ಎತ್ತರ ಮುಖ್ಯ. ಅಂಗಡಿಯಲ್ಲಿ ತರಕಾರಿಗೆಂದು ಮಾರುವ ಗಿಡ್ಡ ಅಗಲದ ಗ್ರೋ ಬ್ಯಾಗ್ ಅಗ್ಗಕ್ಕೆ ಸಿಕ್ಕಿದರೂ ಇದಕ್ಕೆ ಬೇಡ. ಸೆಪ್ಟೆಂಬರ್‌ನಲ್ಲಿ ಬದಲಿಸುವುದಾದರೆ ಒಂದು ಅಳತೆ ದೊಡ್ಡದನ್ನು ಆರಿಸಿದರೂ ನಡೆಯುತ್ತದೆ, ಮುಂದಿನ ತಿಂಗಳುಗಳಲ್ಲಿ ಹೆಚ್ಚಾಗಿ ಒಣ ಹವೆಯೇ ಇರುತ್ತದೆ. ಏಪ್ರಿಲ್‌ನಲ್ಲಾದರೆ ಕೈ ಬಿಗಿಹಿಡಿಯಿರಿ.

ಚೀಲದ ತಳದಿಂದ ಅರ್ಧ ಎತ್ತರದವರೆಗೆ ತೂತುಗಳಿರಬೇಕು. ತಳಕ್ಕೆ ಇಟ್ಟಿಗೆ ಚೂರು, ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಆದರೆ ಅದು ಕೆಲಸ ಮಾಡುವುದಿಲ್ಲ. ಯಾವ ಚೀಲದಲ್ಲಾದರೂ ಕೆಳಗಿನ ಎರಡು ಮೂರು ಬೆರಳು ಮಣ್ಣು ನೀರನ್ನು ಹಿಡಿದಿಟ್ಟುಕೊಂಡೇ ಇರುತ್ತದೆ; ಜಲ್ಲಿ ಹಾಕಿದರೆ ಆ ಕೆಸರಿನ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಇನ್ನೂ ಹತ್ತಿರಕ್ಕೆ ಬಂದು ಕೂರುತ್ತದೆ. ಜಲ್ಲಿಯನ್ನು ಚೀಲದ ಒಳಗಲ್ಲ, ಚೀಲ ಇಡುವ ನೆಲಕ್ಕೆ ಹಾಸಿ.

ಮಣ್ಣಿಗೆ ಕಾಫಿ ನರ್ಸರಿಗಳಲ್ಲಿ ರೂಢಿಯಲ್ಲಿರುವ ಪ್ರಮಾಣವೇ ಸಾಕು: ಜರಡಿ ಹಿಡಿದ ಕಾಡು ಮಣ್ಣು 6 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ 2 ಪಾಲು, ಮರಳು 1 ಪಾಲು. ಮಳೆಗಾಲ ಎದುರಿಸಬೇಕಾದ ಏಪ್ರಿಲ್ ಚೀಲಗಳಿಗೆ ನಾನು ಮರಳನ್ನು ಒಂದೂವರೆ ಪಾಲಿಗೆ ಏರಿಸುತ್ತೇನೆ. ‘ಚೆನ್ನಾಗಿ ಕಳಿತ’ ಎಂಬ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಒಂದು ವರ್ಷ ಹೊರಗಿನಿಂದ ಲೋಡು ಗೊಬ್ಬರ ತರಿಸಿದೆ. ನೋಡಲು ಕಪ್ಪಾಗಿಯೇ ಇತ್ತು, ರಾಶಿಯೊಳಗೆ ಮೊಣಕೈವರೆಗೆ ಕೈ ಇಟ್ಟರೆ ಬಿಸಿ. ಒಂದೂವರೆ ತಿಂಗಳು ಮುಚ್ಚಿಟ್ಟು ಬಳಸಬೇಕಾಯಿತು. ಹಸಿ ಗೊಬ್ಬರ ಬೇರನ್ನು ಸುಡುವುದು ಮಾತ್ರವಲ್ಲ, ಬೇರು ತಿನ್ನುವ ಗೊಣ್ಣೆಹುಳುಗಳನ್ನೂ ಹೊತ್ತು ತರುತ್ತದೆ. ಜರಡಿ ಹಿಡಿಯುವಾಗ ಬಿಳಿಯ, ಕೊಕ್ಕೆಯಂತೆ ಮಡಚಿದ ಹುಳು ಸಿಕ್ಕರೆ ಇಡೀ ರಾಶಿಯನ್ನು ಬಿಸಿಲಿಗೆ ಹರಡಿ ಕೋಳಿಗಳನ್ನು ಬಿಡುವುದೇ ಅತಿ ಸುಲಭದ ಉಪಾಯ. ನಮ್ಮ ಮಣ್ಣು ಹುಳಿಯ ಕಡೆಗೆ ವಾಲುವುದರಿಂದ ಸ್ವಲ್ಪ ಕೃಷಿ ಸುಣ್ಣ ಬೇಕಾಗಬಹುದು. ಎಷ್ಟೆಂದು ಅಂದಾಜಿಗೆ ಹಾಕದೆ, ಮಣ್ಣು ಪರೀಕ್ಷೆ ಮಾಡಿಸಿಕೊಂಡೇ ಹಾಕಿ. ರಸಸಾರ (pH) 6ರಿಂದ 6.5ರ ಆಸುಪಾಸಿನಲ್ಲಿದ್ದರೆ ಕಾಫಿಗೆ ಹಿತ. ಮಿಶ್ರಣವನ್ನು ಮೂರು ನಾಲ್ಕು ವಾರ ಮೊದಲೇ ಕಲಸಿ, ತೇವ ಮಾಡಿ, ಮುಚ್ಚಿಡಬೇಕು. ಬೇರು ಕೊಳೆ ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾ ಬೆರೆಸುವವರು ಈ ಹೊತ್ತಿಗೇ ಬೆರೆಸಲಿ.

ಬದಲಿಸುವ ದಿನ

ಹಿಂದಿನ ಸಂಜೆ ಹಳೆಯ ಚೀಲಗಳಿಗೆ ನೀರು ಕೊಡಿ. ಒಣಗಿದ ಮುದ್ದೆ ಒಡೆಯುತ್ತದೆ, ಆಗತಾನೇ ನೀರು ಕುಡಿದದ್ದು ಕುಸಿಯುತ್ತದೆ. ಒಂದು ರಾತ್ರಿ ಕಳೆದದ್ದು ಸರಿಯಾದ ಹದದಲ್ಲಿರುತ್ತದೆ. ಕೆಲಸವನ್ನು ಬೆಳಿಗ್ಗೆ ಹತ್ತು ಗಂಟೆಯೊಳಗೆ ಅಥವಾ ಸಂಜೆ ನಾಲ್ಕರ ನಂತರ, ಸಾಧ್ಯವಾದರೆ ಮೋಡ ಮುಚ್ಚಿದ ದಿನ ಇಟ್ಟುಕೊಳ್ಳಿ.

ಹೊಸ ಚೀಲದ ತಳಕ್ಕೆ ಮೂರು ಇಂಚು ಮಣ್ಣು ಹಾಕಿ, ಕೈಯಿಂದ ಮೆಲ್ಲಗೆ ಒತ್ತಿ. ಹಳೆಯ ಚೀಲವನ್ನು ಮಲಗಿಸಿ, ಮೊದಲು ತಳವನ್ನು ಸುತ್ತಲೂ ಕತ್ತರಿಸಿ ತೆಗೆಯಿರಿ. ಸಸಿಯನ್ನು ಕಾಂಡ ಹಿಡಿದು ಎಳೆಯುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು; ಎಡಗೈ ಮುದ್ದೆಯ ಕೆಳಗಿರಲಿ. ತಳದಲ್ಲಿ ತಾಯಿಬೇರು ಸುತ್ತಿಕೊಂಡಿದ್ದರೆ ಸುತ್ತು ಆರಂಭವಾಗುವ ಜಾಗದಿಂದ, ಮಣ್ಣು ಸಹಿತವಾಗಿ ಒಂದು ಇಂಚಿನಷ್ಟನ್ನು ಹರಿತವಾದ ಕತ್ತಿಯಿಂದ ಒಂದೇ ಏಟಿಗೆ ಕತ್ತರಿಸಿ. ಕೈ ನಡುಗಬಾರದು. ಸುತ್ತಿದ ಬೇರನ್ನು ಕೈಯಲ್ಲಿ ಬಿಡಿಸಿ ನೇರ ಮಾಡಲು ಹೋದರೆ ಬಿರಿಯುತ್ತದೆ, ಹಾಗೆಯೇ ಬಿಟ್ಟರೆ ಜೀವನವಿಡೀ ಸುತ್ತಿಕೊಂಡೇ ಇರುತ್ತದೆ. ಕತ್ತರಿಸಿದ ಜಾಗದಿಂದ ಹೊಸ ಬೇರುಗಳು ಕೆಳಮುಖವಾಗಿ ಹೊರಡುತ್ತವೆ. ಪಕ್ಕದ ಬೇರುಗಳು ಗೋಡೆಯುದ್ದಕ್ಕೂ ಸುತ್ತಿದ್ದರೆ ಮೂರು ಕಡೆ, ಮೇಲಿನಿಂದ ಕೆಳಗೆ, ಬೆರಳಿನ ಉಗುರಿನಷ್ಟು ಆಳಕ್ಕೆ ಗೀರು ಹಾಕಿ. ಇಷ್ಟೆಲ್ಲ ಕತ್ತರಿಸಿದ ಸಸಿಯ ಮೇಲ್ಭಾಗದ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸುವುದೂ ಉಂಟು. ಕುಶಾಲನಗರದ ಕಡೆಯ ಒಣ ಹವೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಮಡಿಕೇರಿಯಲ್ಲಿ ಅಗತ್ಯವಿಲ್ಲ.

ಸಸಿ ಹಳೆಯ ಚೀಲದಲ್ಲಿ ಎಷ್ಟು ಆಳದಲ್ಲಿತ್ತೋ ಹೊಸ ಚೀಲದಲ್ಲಿಯೂ ಅಷ್ಟೇ ಆಳದಲ್ಲಿರಬೇಕು. ಟೊಮೇಟೊ ಸಸಿಯಂತೆ ಕಾಂಡ ಹೂಳಿದರೆ ಬೇರು ಬಿಡುತ್ತದೆ ಎಂದುಕೊಂಡು ಕಾಫಿಯನ್ನು ಆಳಕ್ಕೆ ಇಳಿಸಿದರೆ ಕುತ್ತಿಗೆಯ ಭಾಗ ಕೊಳೆಯುತ್ತದೆ. ಸುತ್ತಲಿನ ಸಂದಿಗೆ ಮಣ್ಣನ್ನು ಎರಡು ಮೂರು ಸಲವಾಗಿ ಹಾಕುತ್ತ, ಬೆರಳಿನಿಂದಲೋ ಸಣ್ಣ ಕೋಲಿನಿಂದಲೋ ಕೂರಿಸಿ. ಒಳಗೆ ಟೊಳ್ಳು ಉಳಿಯಬಾರದು, ಹಾಗೆಂದು ಗೋಡೆ ಕಟ್ಟುವವರಂತೆ ಗುದ್ದಲೂ ಬಾರದು. ಮೇಲೆ ಒಂದು ಇಂಚು ಖಾಲಿ ಬಿಟ್ಟು, ಝಾರಿಯಲ್ಲಿ ನಿಧಾನವಾಗಿ, ತಳದ ತೂತಿನಲ್ಲಿ ನೀರು ಕಾಣುವವರೆಗೆ ಹಾಕಿ. ಆಮೇಲೆ ಬೆರಳು ಎರಡು ಗೆಣ್ಣು ಇಳಿಸಿ ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ಮುಂದಿನ ನೀರು.

ನಂತರದ ಆರೈಕೆ

ಮೊದಲ ಎರಡು ವಾರ ಸಸಿ ಮೊದಲಿನಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿನ ನೆರಳಿನಲ್ಲಿರಲಿ. ನೆರಳು ಬಲೆಯೋ ಹಾಲುವಾಣದ ಸೊಪ್ಪು ಹೊದೆಸಿದ ಚಪ್ಪರವೋ, ಯಾವುದಾದರೂ ಆದೀತು. ಏಪ್ರಿಲ್ ಮಧ್ಯಾಹ್ನದ ಬಿಸಿಲು ಕಪ್ಪು ಚೀಲದ ಪಕ್ಕಕ್ಕೆ ನೇರವಾಗಿ ಬಿದ್ದರೆ ಆ ಬದಿಯ ಎಳೆಬೇರು ಬೆಂದು ಹೋಗುವುದರಿಂದ ಸಾಲಿನ ಪಶ್ಚಿಮದ ಅಂಚಿಗೆ ಒಂದು ಹಲಗೆಯನ್ನೋ ತರಗೆಲೆ ತುಂಬಿದ ಚೀಲಗಳನ್ನೋ ಅಡ್ಡ ಇಡುವುದು ಒಳ್ಳೆಯದು. ಹೊಸ ಎಲೆ ಜೋಡಿ ಬಿಚ್ಚಿದ ಮೇಲೆ ನೆರಳನ್ನು ಮೆಲ್ಲಗೆ ತೆಳುಗೊಳಿಸಿ. ಒಂದೇ ದಿನ ಚಪ್ಪರ ಬಿಚ್ಚಿದರೆ ಎಲೆಯ ಮೇಲೆ ನಡುವೆ ಬೂದು, ಸುತ್ತ ಕಂದು ಬಣ್ಣದ ಕಣ್ಣಿನಂಥ ಚುಕ್ಕೆ ಬರುತ್ತದೆ. ಅದು ಕಂದು ಕಣ್ಣು ಚುಕ್ಕೆ ರೋಗ, ಬಿಸಿಲು ಹೆಚ್ಚಾಗಿ ಪೋಷಣೆ ಕಡಿಮೆಯಾದ ನರ್ಸರಿಗಳಲ್ಲಿ ಮೊದಲು ಕಾಣಿಸಿಕೊಳ್ಳುವುದೇ ಅದು.

ಗೊಬ್ಬರಕ್ಕೆ ಅವಸರ ಬೇಡ. ಹೊಸ ಮಣ್ಣಿನಲ್ಲಿ ಒಂದು ತಿಂಗಳಿಗೆ ಬೇಕಾದದ್ದು ಇರುತ್ತದೆ, ಕತ್ತರಿಸಿದ ಬೇರಿಗೆ ರಾಸಾಯನಿಕ ಗೊಬ್ಬರ ತಾಗಿದರೆ ಉರಿಯುತ್ತದೆ. ಹೊಸ ಎಲೆ ಬಲಿತ ಮೇಲೆ 4.5 ಲೀಟರ್ ನೀರಿಗೆ 20 ಗ್ರಾಂ ಯೂರಿಯಾ ಕರಗಿಸಿ, ಒಂದು ಚದರ ಮೀಟರ್ ಜಾಗದಲ್ಲಿರುವ ಸಸಿಗಳಿಗೆ ಆಗುವಷ್ಟು ಹಾಕಬಹುದು. ಹಾಕಿದ ಮೇಲೆ ಎಲೆ ತೊಳೆಯುವಂತೆ ಬರಿ ನೀರು ಚಿಮುಕಿಸಿ.

ಮಳೆಗಾಲ ಬಂದಾಗ ಚೀಲಗಳ ನಡುವೆ ಅಂಗೈಯಷ್ಟು ಜಾಗ ಬಿಡಿ. ಬೇಸಿಗೆಯಲ್ಲಿ ಒತ್ತೊತ್ತಾಗಿಟ್ಟರೆ ತಂಪು, ಮಳೆಯಲ್ಲಿ ಒತ್ತೊತ್ತಾಗಿಟ್ಟರೆ ಗಾಳಿಯಾಡದೆ ಕಾಂಡದ ಬುಡ ಕಪ್ಪಾಗಿ ಕೊಳೆಯುತ್ತದೆ. ಹಾಗೆ ಬಿದ್ದ ಸಸಿಯನ್ನು ಚೀಲ ಸಹಿತ ದೂರ ಒಯ್ಯಬೇಕೇ ಹೊರತು ಅದೇ ಮಣ್ಣನ್ನು ಮತ್ತೆ ತುಂಬಬಾರದು. ಶನಿವಾರಸಂತೆಯ ಕಡೆಯವರಿಗೆ ಆಫ್ರಿಕನ್ ಬಸವನಹುಳುವಿನ ಕಾಟ ಹೇಳಬೇಕಾಗಿಲ್ಲ. ಉಳಿದವರೂ ಮಳೆಗಾಲದ ಸಂಜೆ ಟಾರ್ಚ್ ಹಿಡಿದು ಚೀಲದ ತಳ ನೋಡುವುದು ಒಳ್ಳೆಯದು.

ಪೊದೆ ಮೆಣಸು ಮತ್ತು ಕಿತ್ತಳೆ

ಅಂಗಳದ ಕುಂಡದಲ್ಲಿ ಬೆಳೆಸುವ ಪೊದೆ ಮೆಣಸಿಗೆ ಮೇಲೆ ಹೇಳಿದ ಕಾಲವೇ ಸರಿ, ಆದರೆ ಗುರುತು ಬೇರೆ. ಮೆಣಸಿನ ಬಳ್ಳಿಯ ಫಲ ಕೊಡುವ ಅಡ್ಡ ಕವಲನ್ನು ಬೇರು ಬರಿಸಿ ಮಾಡುವ ಈ ಗಿಡಕ್ಕೆ ತಾಯಿಬೇರಿಲ್ಲ. ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಕುಂಡದ ಮೇಲ್ಮೈಯಲ್ಲಿ ಬೇರು ಎದ್ದು ಕಾಣತೊಡಗಿದಾಗ, ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗಿ ಬರತೊಡಗಿದಾಗ ಕುಂಡ ಬದಲಿಸಿ. ಆಳಕ್ಕಿಂತ ಅಗಲ ಬೇಕು. 12 ಇಂಚಿನ ಕುಂಡ ಬಹುಕಾಲ ಸಾಕಾಗುತ್ತದೆ. ಮೆಣಸಿಗೆ ಮಳೆಗಾಲದ ನಿಂತ ನೀರು ಕಾಫಿಗಿಂತಲೂ ಅಪಾಯ, ಶೀಘ್ರ ಸೊರಗು ರೋಗ ತರುವ ಶಿಲೀಂಧ್ರ ಹರಡುವುದೇ ನೀರಿನಲ್ಲಿ. ಆದ್ದರಿಂದ ಇದರಲ್ಲಿ ಬೇರನ್ನು ಕತ್ತರಿಸಲು ಹೋಗಬೇಡಿ, ಗಾಯ ಮಾಡದೆ ಮುದ್ದೆಯನ್ನು ಇಡಿಯಾಗಿ ಎತ್ತಿಡಿ. ಮಳೆಗೆ ಮೊದಲು ಶೇಕಡ 1ರ ಬೋರ್ಡೊ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ ಲೆಕ್ಕದಲ್ಲಿ, ತೋಟದ ಬಳ್ಳಿಗಳಿಗೆ ಹೊಡೆಯುವ ದಿನವೇ ಕುಂಡದ ಗಿಡಗಳಿಗೂ ಹೊಡೆಯಿರಿ. ಈ ರೋಗವನ್ನು ತಾಳುವ ಪೈಪರ್ ಕೊಲುಬ್ರಿನಮ್ ಎಂಬ ಮೆಣಸಿನ ಜಾತಿಯ ಗಿಡದ ಬೇರಿನ ಮೇಲೆ ಕಸಿ ಮಾಡಿದ ಗಿಡವಾದರೆ ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಗಂಟು ಹೂತು ಮೇಲಿನ ಕವಲು ತಾನೇ ಬೇರು ಬಿಟ್ಟರೆ ಕಸಿಗೆ ಕೊಟ್ಟ ಹಣ ವ್ಯರ್ಥ.

ಕಿತ್ತಳೆಗೂ ಇದೇ ಎಚ್ಚರಿಕೆ. ಕಣ್ಣು ಕಸಿಯ ಜಾಗ ಮಣ್ಣಿನಿಂದ ಕನಿಷ್ಠ ಗೇಣು ಮೇಲಿರಬೇಕು, ಬದಲಾವಣೆ ಸೆಪ್ಟೆಂಬರ್‌ನಲ್ಲೇ ಆಗಬೇಕು.

ದೊಡ್ಡ ಚೀಲಕ್ಕೆ ಹೋದ ಕಾಫಿ ಸಸಿ ಅದರಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇರಬಾರದು. ಏಪ್ರಿಲ್‌ನಲ್ಲಿ ಬದಲಿಸಿದ್ದು ಆ ಸೆಪ್ಟೆಂಬರ್‌ನಲ್ಲಿ, ಸೆಪ್ಟೆಂಬರ್‌ನಲ್ಲಿ ಬದಲಿಸಿದ್ದು ಮುಂದಿನ ಜೂನ್‌ನಲ್ಲಿ ನೆಲಕ್ಕೆ ಹೋಗಲಿ. ಅದಕ್ಕಾಗಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ನೆಡುವುದಕ್ಕೆ ತಿಂಗಳು ಮೊದಲೇ ತೆಗೆಸಿ ಗಾಳಿ ಬಿಸಿಲಿಗೆ ಬಿಟ್ಟು, ಚೀಲ ಹೊರುವ ಆಳುಗಳಿಗೆ ಕಾಂಡ ಹಿಡಿಯಬಾರದು, ತಳ ಹಿಡಿದೇ ಎತ್ತಬೇಕು ಎಂದು ಅಂದು ಬೆಳಿಗ್ಗೆ ಇನ್ನೊಮ್ಮೆ ಹೇಳಿ.